ಹುಂಜದ ಕೇಸಿನ ಮುನಿರಾಜಪ್ಪ

ಹೊರಮಾವಿನ ನಮ್ಮ ಬೀದಿಯ ಮುನಿರಾಜಪ್ಪನವರನ್ನು "ಚೆನ್ನಾಗಿದೀರಾ?" ಎಂದು ಕೇಳಬಾರದು. ಕೇಳಿದರೆ, "ಡಿಸ್ಚಾರ್ಜ್ ಆಗಿದೀನಿ ಕಣಮ್ಮ, ಖುಲಾಸೆ ಆಗಿಲ್ಲ" ಎನ್ನುತ್ತಾರೆ. ತಮ್ಮ ಹುಂಜವನ್ನು ಮುನಿರಾಜಪ್ಪನವರು ಕದ್ದರೆಂದು ಎದುರುಮನೆಯ ಗಂಗಲಕ್ಷ್ಮಮ್ಮ ಕೇಸು ಹಾಕಿದ್ದರು. ಸಾಕ್ಷಿಯೇ ಇಲ್ಲವೆಂದು ಕೋರ್ಟು ವಿಚಾರಣೆಗೆ ಮೊದಲೇ ಅವರನ್ನು ಡಿಸ್ಚಾರ್ಜ್ ಮಾಡಿ ಬಿಟ್ಟುಬಿಟ್ಟಿತು. ಹೊಸಬರು ಡಿಸ್ಚಾರ್ಜ್ ಎಂದರೆ ಆಸ್ಪತ್ರೆಯಿಂದ ಎಂದುಕೊಂಡು ಎಳನೀರು, ಬ್ರೆಡ್ಡು ತಂದುಕೊಡುತ್ತಾರೆ. ಬ್ರೆಡ್ಡು ತಿನ್ನುತ್ತಲೇ ಅವರು ವಿವರಿಸುತ್ತಾರೆ: "ಖುಲಾಸೆ ಅಂದ್ರೆ ದೋಸೆ ಎರಡೂ ಕಡೆ ಬೆಂದು, ಸೀದಿಲ್ಲ ಅಂತ ಎಲ್ರೂ ನೋಡ್ದಂಗೆ. ಡಿಸ್ಚಾರ್ಜ್ ಅಂದ್ರೆ ಹಿಟ್ಟು ಹಂಚಿಗೇ ಬೀಳ್ಲಿಲ್ಲ. ಹೊಸ ಸಾಕ್ಷಿ ಸಿಕ್ರೆ ನಾಳೆ ಮತ್ತೆ ಹುಯ್ಬೋದು!" "ಒಳ್ಳೇದೇ ಆಯ್ತಲ್ರೀ, ಕೇಸೇ ನಿಲ್ಲಲಿಲ್ಲ" ಎಂದು ಅವರ ವಕೀಲರು ಸಮಾಧಾನ ಹೇಳಿದರೆ, "ಸರಿ ಸ್ವಾಮಿ, ಆದ್ರೆ ನಾನು ಕದ್ದಿಲ್ಲ ಅಂತ ಯಾರು ಹೇಳಿದ್ರು?" ಎಂದು ಕೇಳುತ್ತಾರೆ. ಯಾವ ಬೀದಿಯಲ್ಲಿ ಹುಂಜ ಕೂಗಿದರೂ "ನಾನಲ್ಲ" ಎನ್ನುವುದು ಅವರ ಅಭ್ಯಾಸ. ಗಂಗಲಕ್ಷ್ಮಮ್ಮನವರ ಕೋಳಿಗೂಡಿನ ಮುಂದೆ ಮಾತ್ರ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು, ಕೈ ಖಾಲಿ ಎಂದು ಎಲ್ಲರಿಗೂ ಕಾಣುವಂತೆ ನಡೆದುಹೋಗುತ್ತಾರೆ. ಪಕ್ಕದ ಗುಡಿಯ ಅಮ್ಮನಿಗೆ ಕೈಮುಗಿಯುತ್ತಿದ್ದಾರೆಂದೇ ನಾನು ಬಹಳ ದಿನ ತಿಳಿದಿದ್ದೆ. ಮೊನ್ನೆ ಗಂಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಇದನ್ನೇ ನೋಡುತ್ತಿದ್ದವರು, "ಅಣ್ಣಾ, ಸಾಕು, ಕೈ ಇಳಿಸಿ. ಹಲಸೂರಿಗೆ ಮಗಳ ಮನೆಗೆ ಹೋಗ್ತಿದೀನಿ, ಸಂಜೆ ಕೋಳಿಗಳ್ನ ಗೂಡಿಗೆ ಸೇರಿಸ್ಬಿಡಿ" ಎಂದು ಗೂಡಿನ ಬೀಗದಕೈಯನ್ನು ಮುಂದೆ ಹಿಡಿದರು. ಮುನಿರಾಜಪ್ಪನವರು ಒಂದೇ ಕೈ ಇಳಿಸಿ ಅದನ್ನು ತೆಗೆದುಕೊಂಡರು. ಇನ್ನೊಂದನ್ನು ಇಳಿಸಲು ಮರೆತು ಹಾಗೆಯೇ ಮನೆಯವರೆಗೂ ನಡೆದರು.