ಒರೆಸಿದ ಎಣ್ಣೆ

ಹಾರಾಟ ಕಲಿಸುವ ಆ ಶಾಲೆಯಲ್ಲಿ ವಿಮಾನ ರಿಪೇರಿ ಮಾಡುವಾಕೆಗೆ ಎಲ್ಲರೂ ಕೊಳಕಮ್ಮ ಎಂದು ಹೆಸರಿಟ್ಟಿದ್ದರು. ಅವಳೇನೂ ಕೊಳಕಿಯಲ್ಲ, ಮನೆಯಲ್ಲಿ ತೊಳೆದ ಲೋಟವನ್ನೂ ಮೂಸಿ ನೋಡುವವಳು. ಆದರೆ ಶೆಡ್ಡಿನಲ್ಲಿ ವಿಮಾನದ ಮೇಲಿನ ಎಣ್ಣೆ ಕಲೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದು ಎಲ್ಲಿಂದ ಸೋರಿತು ಎಂದು ಅವಳು ನೋಡಿದ ಮೇಲೆಯೇ ಒರೆಸಬೇಕು. ನೋಡದೆ ಒರೆಸುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಗಂಡ ಅಲ್ಲೇ ಹಾರಾಟ ಕಲಿಸುವ ಮೇಷ್ಟ್ರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಾಯಿ ತುಂಬ ಮಾತು. ಹಾರುವ ಮುಂಚೆ ವಿಮಾನದ ಸುತ್ತ ಬಂದು, ಬಗ್ಗಿ, ಚಕ್ರದ ಕಾಲನ್ನು ಮುಟ್ಟಿ ನೋಡಬೇಕು ಎಂದು ಶಿಷ್ಯರಿಗೆ ಗಂಟಲು ಹರಿದುಕೊಂಡು ಹೇಳುತ್ತಿದ್ದ. ತಾನು ಮಾತ್ರ ಬೂಟಿನ ತುದಿಯಿಂದ ಟೈರಿಗೊಂದು ಒದ್ದು, "ಸರಿಯಾಗಿದೆ, ಹತ್ತಿ" ಎನ್ನುತ್ತಿದ್ದ. ಬಗ್ಗಿದರೆ ಪ್ಯಾಂಟಿನ ಮಂಡಿ ಕೊಳೆಯಾದೀತಲ್ಲ!

ಆ ದಿನ ಬೆಳಿಗ್ಗೆ ಜಾಹೀರಾತಿಗೆ ವಿಮಾನದ ಫೋಟೋ ತೆಗೆದರು. ಕೊಳಕಮ್ಮ ಹಿಂದಿನ ಶೆಡ್ಡಿನಲ್ಲಿ ಬೇರೊಂದು ಇಂಜಿನ್ ಬಿಚ್ಚಿಕೊಂಡು ಕೂತಿದ್ದಳು. ಫೋಟೋ ಮುಗಿದದ್ದೇ ತಡ, ಗಂಡ ಒಬ್ಬ ಶಿಷ್ಯೆಯೊಡನೆ ಅದೇ ವಿಮಾನ ಹತ್ತಿ ಹಾರಿದ. ಇಳಿಯುವಾಗ ಮುಂದಿನ ಚಕ್ರದ ಕಾಲು ಮುರಿದು, ವಿಮಾನ ನೆಲಕ್ಕೆ ಮೂತಿ ಉಜ್ಜಿಕೊಂಡು ಹೋಗಿ ಹುಲ್ಲಿನಲ್ಲಿ ನಿಂತಿತು. ಶಿಷ್ಯೆಯ ತುಟಿ ಒಡೆದಿತ್ತು. ಗಂಡನ ಅಂಗಿ ಕೂಡ ಮುದುಡಿರಲಿಲ್ಲ.

ಕೊಳಕಮ್ಮ ಓಡಿಹೋಗಿ ವಿಮಾನದ ಅಡಿಗೆ ತೂರಿದಳು. ನೆಲಕ್ಕೆ ತಾಗುವ ಪೆಟ್ಟನ್ನು ತಡೆಯಲು ಆ ಕಾಲಿನೊಳಗೆ ಕೆಂಪು ಎಣ್ಣೆ ತುಂಬಿರಬೇಕು. ಒಳಗೆ ತೊಟ್ಟೂ ಇರಲಿಲ್ಲ. ಹೊರಗೆ ಮಾತ್ರ ಥಳಥಳ ಹೊಳೆಯುತ್ತಿತ್ತು. ಸೋರಿದ್ದನ್ನು ಯಾರೋ ಒರೆಸಿದ್ದಾರೆ ಎಂದು ಆ ಹೊಳಪು ನೋಡಿಯೇ ಅವಳಿಗೆ ಗೊತ್ತಾಯಿತು.

ಪ್ರಿನ್ಸಿಪಾಲರ ಕೋಣೆಗೆ ಅವಳು ಹೋಗುವಷ್ಟರಲ್ಲಿ ಗಂಡ ಕಥೆ ಕಟ್ಟಿ ಮುಗಿಸಿದ್ದ.

"ಕಲ್ಲು ಎತ್ತಿಹಾಕಿದ ಹಾಗೆ ಇಳಿಸಿಬಿಟ್ಲು ಸಾರ್. ನಾನು ಇದ್ದಿದ್ದಕ್ಕೆ ಇಬ್ರೂ ಉಳ್ಕೊಂಡ್ವಿ."

ಪ್ರಿನ್ಸಿಪಾಲರು ಅವನ ಬೆನ್ನು ತಟ್ಟಿ, ಶಿಷ್ಯೆಯತ್ತ ತಿರುಗಿದರು. "ಇದು ನಿನ್ನ ಕೈಲಾಗೋ ಕೆಲಸ ಅಲ್ಲಮ್ಮ. ನಾಳೆಯಿಂದ ಬರೋದು ಬೇಡ."

"ಮೆತ್ತಗೇ ಇಳಿಸಿದ್ದೆ ಸಾರ್," ಎಂದಳು ಅವಳು, ತುಟಿಗೆ ಕರವಸ್ತ್ರ ಒತ್ತಿಕೊಂಡು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಆ ಕಾಲು ಒರೆಸಿದ್ದು ಯಾರು?" ಕೊಳಕಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ನಾನೇ ಕಣೇ. ಕೆಂಪಗೆ ಏನೋ ಇಳೀತಿತ್ತು. ಫೋಟೋದಲ್ಲಿ ಅಸಹ್ಯ ಕಾಣತ್ತೆ ಅಂತ ಒರೆಸ್ದೆ. ನೀನಂತೂ ಒರೆಸಲ್ಲ!" ಹೇಳಿದ ಮೇಲೆ ಅವನಿಗೇ ಅರಿವಾಗಿ ಮುಖ ಬಿಳಿಚಿಕೊಂಡಿತು. ಹತ್ತಿರ ಬಂದು ಅವಳ ತೋಳು ಹಿಡಿದು ಪಿಸುಗುಟ್ಟಿದ. "ಮನೇಲಿ ಮಾತಾಡೋಣ ಬಾ. ನನ್ನ ಮರ್ಯಾದೆ ಕಳೀಬೇಡ."

ಅವಳು ಕೊಸರಿಕೊಂಡಳು. ಇಷ್ಟು ವರ್ಷ ಈ ಅಂಗಿಗೆ ತಾನೇ ಇಸ್ತ್ರಿ ಮಾಡಿದೆನಲ್ಲ ಎಂದು ತನ್ನ ಕೈಗಳ ಮೇಲೇ ಹೇಸಿಗೆಯಾಯಿತು.

"ಎಣ್ಣೆ ಒರೆಸಿದ್ದು ಸಾಲ್ದು ಅಂತ ಈ ಹುಡುಗಿ ಮುಖಕ್ಕೆ ಮಸಿ ಬಳೀತೀರಾ? ಥೂ!" ಎಂದು, ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಶಿಷ್ಯೆ ಶಾಲೆಯಲ್ಲಿ ಉಳಿದಳು. ಗಂಡನನ್ನು ಹಾರಾಟದಿಂದ ಇಳಿಸಿದರು. ಸಂಜೆ ಮನೆಯಲ್ಲಿ ಅವನು ಮುಖ ಊದಿಸಿಕೊಂಡು ಕೂತಿದ್ದ. ಸ್ವಲ್ಪ ಹೊತ್ತಿಗೆ ಮೆತ್ತಗಾಗಿ, ತಾನೇ ಟೀ ಮಾಡಿ ತಂದು ಅವಳ ಮುಂದಿಟ್ಟ.

"ಆಗಿದ್ದು ಆಗೋಯ್ತು. ಮರೆತುಬಿಡು, ಆಯ್ತಾ?"

"ಇದನ್ನೂ ಒರೆಸೋಕೆ ಬಂದ್ರಾ?" ಎಂದು ಅವಳು ಲೋಟವನ್ನು ಅವನತ್ತ ತಳ್ಳಿದಳು.