ಬೆಂಕಿಗೆ ಬೇಡ ಎಂದಿದ್ದ ಆಂಟಿ

ಆಂಟಿಯ ಸೊಂಟಕ್ಕೆ ಮೂರು ಸುತ್ತು ಸುತ್ತಿದ ಒಂದು ಬಿಳಿ ಉಣ್ಣೆಯ ದಾರವಿತ್ತು. ನಾನು ಅವರನ್ನು ಮೊದಲು ನೋಡಿದ್ದು ಷಿಕಾಗೋ ಹತ್ತಿರದ ಲೊಂಬಾರ್ಡಿನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ. ನೆಲಮಾಳಿಗೆ, ಒಂದು ಕಿಟಕಿಯೂ ಇಲ್ಲ. ತಲೆಗೆ ಬಿಳಿ ಬಟ್ಟೆ ಕಟ್ಟಿದ ಎತ್ತರದ ಮುದುಕಿಯೊಬ್ಬರು ಟ್ಯೂಬ್‌ಲೈಟಿಗೆ ಮುಖ ಮಾಡಿ ನಿಂತಿದ್ದರು. ದಾರವನ್ನು ಬಿಚ್ಚಿ ಎರಡು ಕೈಯಲ್ಲಿ ಹಿಡಿದು, ಬಾಯಲ್ಲಿ ಏನೋ ಹೇಳಿಕೊಳ್ಳುತ್ತ, ಅದರ ತುದಿಗಳನ್ನು ಚಟ್ಟೆಂದು ಕೊಡವಿದರು. ಮೈಮೇಲೆ ಹರಿದ ಹುಳವನ್ನು ಝಾಡಿಸುವ ಹಾಗೆ. ಆಮೇಲೆ ನಿಧಾನವಾಗಿ ಮತ್ತೆ ಸುತ್ತಿ ಗಂಟು ಹಾಕಿದರು.

ನಾನು ಫೋನಿನಲ್ಲಿ ನನ್ನ ಅಮ್ಮನ ಜೊತೆ ಮಾತಾಡುತ್ತಿದ್ದೆ. ಫೋನ್ ಇಟ್ಟ ಕೂಡಲೇ ಅವರು ಕನ್ನಡದಲ್ಲಿ ಕೇಳಿದರು.

"ಮೈಸೂರಾ? ನಂದು ಬೆಂಗಳೂರು. ಕಂಟೋನ್ಮೆಂಟು."

ಸಂಕೋಚದಿಂದಲೇ ಕೇಳಿದೆ, ಅದು ಜನಿವಾರವೇ ಎಂದು.

"ಜನಿವಾರಕ್ಕೆ ನೆಂಟರು ಅಂತಿಟ್ಕೋ. ನಮ್ಮಲ್ಲಿ ಹೆಂಗಸರಿಗೂ ಉಂಟು. ನಾವು ಪಾರ್ಸಿಗಳು."

"ಕೊಡವಿದ್ದು ಯಾಕೆ ಆಂಟಿ?"

"ಅವನನ್ನ ಓಡಿಸಿದ್ದು. ಆಂಗ್ರ ಮೈನ್ಯು. ಲೋಕದಲ್ಲಿ ಕೆಟ್ಟದ್ದು ಏನಿದೆಯೋ ಅಷ್ಟೂ ಅವನ ಕೈಕೆಲಸ. ಈ ಊರಿನ ಚಳಿ ಕೂಡ."

ನಗದೆ ಹೇಳಿದರು. ಅದು ಭಕ್ತಿಯೋ ತಮಾಷೆಯೋ ನನಗೆ ತಿಳಿಯಲಿಲ್ಲ. ಅವರ ಜೊತೆ ಇದ್ದ ಅಷ್ಟು ವರ್ಷವೂ ನನ್ನ ಸ್ಥಿತಿ ಹೆಚ್ಚುಕಡಿಮೆ ಹಾಗೇ ಇತ್ತು.

ಆಂಟಿ ಮದುವೆಯಾಗಿ ಷಿಕಾಗೋಗೆ ಬಂದವರು. ಇಲ್ಲೊಂದು ಕಾಲೇಜಿನಲ್ಲಿ ಹಳೆಯ ಇರಾನಿನ ಚರಿತ್ರೆ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ, ಡೆಟ್ರಾಯಿಟ್ ಕಡೆ ನಾರ್ತ್‌ವಿಲ್‌ನಲ್ಲಿ ಕಾರು ಕಂಪನಿಯ ಇಂಜಿನಿಯರ್. ಸೊಸೆ ಅಮೆರಿಕದವಳು. ಆಂಟಿ ನನ್ನನ್ನು ಕರೆಯುತ್ತಿದ್ದುದು "ಡಿಕ್ರಾ" ಎಂದು. ಅವರ ಗುಜರಾತಿಯಲ್ಲಿ ಮಗು ಎಂದರ್ಥ. ಪ್ರೀತಿ ಎಷ್ಟಿದ್ದರೂ ಬಾಯಿಮಾತಿನ ಹೊಗಳಿಕೆ ಅವರಿಂದ ಹೊರಡುತ್ತಿರಲಿಲ್ಲ. ಬಿಸಿಬೇಳೆಬಾತ್ ಕೊಟ್ಟು ಹೇಗಿದೆ ಎಂದರೆ, "ಹುಳಿ ಜಾಸ್ತಿ. ಹೋದ್ಸಲ ಚೆನ್ನಾಗಿತ್ತು" ಎನ್ನುತ್ತ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ನನ್ನ ಮಗಳು ಭಾನುವಾರದ ಕನ್ನಡ ಕ್ಲಾಸಿನಲ್ಲಿ ಸಮುದ್ರಮಥನದ ಕಥೆ ಕಲಿತು ಬಂದ ದಿನ ಆಂಟಿ ನಮ್ಮ ಮನೆಯಲ್ಲಿದ್ದರು. ಅವಳು ದೇವತೆಗಳು, ಅಸುರರು ಎಂದು ಒಂದೊಂದನ್ನೇ ಒಪ್ಪಿಸಿದಳು. ಆಂಟಿ ಎಲ್ಲ ಕೇಳಿ, "ನಮ್ಮಲ್ಲಿ ತಿರುಗಮುರುಗ" ಎಂದರು. "ದೇವ ಅಂದ್ರೆ ನಮಗೆ ಕೆಟ್ಟೋನು. ಅಹುರ ಒಳ್ಳೆಯವನು. ಅಹುರ ಮಜ್ದಾ, ಲೋಕ ಮಾಡಿದ ಜ್ಞಾನಿ. ನಿಮ್ಮ ಸ ನಮ್ಮಲ್ಲಿ ಹ ಆಗತ್ತೆ. ಹಳಗನ್ನಡದ ಪಾಲು ಈಗ ಹಾಲು ಆಗಿಲ್ವಾ, ಹಾಗೆ. ನಿಮ್ಮ ಅಸುರ ನಮ್ಮ ಅಹುರ."

ಮಗಳು ನನ್ನ ಕಡೆ ತಿರುಗಿದಳು. "ಸೋ ಹೂ ಆರ್ ದ ಬ್ಯಾಡ್ ಗೈಸ್, ಅಮ್ಮಾ?"

ನಾನು ಆಂಟಿಯ ಮುಖ ನೋಡಿದೆ.

"ಒಂದೇ ಮನೆಯೋರು ಯಾವುದೋ ಕಾಲದಲ್ಲಿ ಬೇರೆಯಾದ್ರು. ಯಾಕೆ ಹೆಸರು ಅದಲುಬದಲಾಯ್ತು ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ ಕಣಮ್ಮ. ನಾನು ಮೂವತ್ತು ವರ್ಷ ಪಾಠ ಮಾಡಿದೀನಿ, ನಂಗೂ ಗೊತ್ತಿಲ್ಲ. ಹೆಸರು ಬಿಟ್ಹಾಕು. ಅವನು ನಿಜದ ಕಡೆ ನಿಂತಿದಾನೋ, ಸುಳ್ಳಿನ ಕಡೆನೋ, ಅದು ನೋಡು."

ಎಲ್ಲ ಮಾತೂ ಕೊನೆಗೆ ಅಲ್ಲಿಗೇ ಬರುತ್ತಿತ್ತು. ಲೋಕವನ್ನು ನಡೆಸುವ ಒಂದು ಸತ್ಯವಿದೆ, ನಿಮ್ಮ ಋತದ ಹಾಗೆ, ಅದನ್ನು ನಾವು ಅಶ ಎನ್ನುತ್ತೇವೆ ಎನ್ನುತ್ತಿದ್ದರು. ಅದಕ್ಕೆ ಎದುರು ನಿಂತದ್ದು ಸುಳ್ಳು. ಆಕಾಶ, ನೀರು, ಮಣ್ಣು, ಗಿಡ, ಪ್ರಾಣಿ, ಮನುಷ್ಯ, ಬೆಂಕಿ, ಎಲ್ಲವನ್ನೂ ಅಹುರ ಚೊಕ್ಕವಾಗಿಯೇ ಮಾಡಿದ. ಆಂಗ್ರ ಮೈನ್ಯು ಒಳನುಗ್ಗಿ ನೀರಿಗೆ ಉಪ್ಪು ಬೆರೆಸಿದ, ಗಿಡಕ್ಕೆ ಮುಳ್ಳು ಕೊಟ್ಟ, ಬೆಂಕಿಗೆ ಹೊಗೆ ಸೇರಿಸಿದ, ಜೀವಕ್ಕೆ ಸಾವು ತಂದ. ಕೊನೆಗೊಂದು ದಿನ ಒಳ್ಳೆಯದೇ ಗೆಲ್ಲುತ್ತದೆ. ಆದರೆ ಸುಮ್ಮನೆ ಕೂತರೆ ಅಲ್ಲ, ಪ್ರತಿಯೊಬ್ಬರೂ ಕೈ ಹಚ್ಚಬೇಕು.

"ಅದಕ್ಕೇ ಹಳೇ ಪರ್ಷಿಯಾದಲ್ಲಿ ಮಕ್ಕಳಿಗೆ ಕುದುರೆ ಹತ್ತೋದು, ಬಾಣ ಬಿಡೋದು, ನಿಜ ಹೇಳೋದು ಕಲಿಸ್ತಿದ್ರು ಅಂತ ಗ್ರೀಕರು ಬರೆದಿಟ್ಟಿದಾರೆ. ಅಲ್ಲಿನ ಒಬ್ಬ ದೊರೆ ಬಂಡೆ ಮೇಲೆ ಶಾಸನ ಕೆತ್ತಿಸ್ದಾಗ, ದಂಗೆ ಎದ್ದೋರನ್ನೆಲ್ಲ ಸುಳ್ಳುಗಾರರು ಅಂತಾನೇ ಬೈದ."

"ದೊರೆ ಹೇಳಿದ್ದೇ ನಿಜ ಅಂತ ಹೇಗೆ ಗೊತ್ತು ಆಂಟಿ?" ಎಂದೆ.

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅದೇ ತೊಂದ್ರೆ ಡಿಕ್ರಾ. ಗೆದ್ದೋನು ಕೂಡ ಅಶದ ಹೆಸರೇ ಹೇಳ್ತಾನೆ."

ಎರಡು ವರ್ಷದ ಹಿಂದೆ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಪುದೀನ ಹಾಕಿದ ಚಹಾ ಕುಡಿಯುತ್ತ ಕೂತಿದ್ದೆವು. ಹೊರಗೆ ಹಿಮ ಬೀಳುತ್ತಿತ್ತು. ಇದ್ದಕ್ಕಿದ್ದಂತೆ ಹೇಳಿದರು:

"ಸಾಯೋದಕ್ಕೆ ಹೆದರಿಕೆ ಇಲ್ಲ. ಆಮೇಲೆ ನನ್ನನ್ನ ಏನು ಮಾಡ್ತಾರೆ ಅನ್ನೋದೇ ಯೋಚನೆ. ಸಾವು ಅವನ ಕೆಲಸ. ಅವನು ಮುಟ್ಟಿದ್ದನ್ನ ನೀರಿಗೆ, ಮಣ್ಣಿಗೆ, ಬೆಂಕಿಗೆ ಸೋಕಿಸಬಾರದು. ಹಿಂದಿನೋರು ಎತ್ತರದ ಗೋಪುರದಲ್ಲಿಟ್ಟು ರಣಹದ್ದಿಗೆ ಬಿಡ್ತಿದ್ರು. ಲೊಂಬಾರ್ಡಲ್ಲಿ ರಣಹದ್ದು ಎಲ್ಲಿಂದ ತರ್ಲಿ?"

ನನ್ನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸುತ್ತ ಮುಂದುವರಿಸಿದರು.

"ಮಣ್ಣಾದ್ರೆ ಸುತ್ತ ಕಾಂಕ್ರೀಟ್ ಹಾಕಿ, ಹೆಣಕ್ಕೂ ಮಣ್ಣಿಗೂ ನಡುವೆ ಒಂದು ತಡೆ ಇಡಬಹುದು. ಇಲ್ಲಿ ಎಷ್ಟೋ ಜನ ಹಾಗೆ ಮಾಡ್ತಾರೆ. ಬೆಂಕಿಗೆ ಮಾತ್ರ ಬೇಡ. ಜೀವಮಾನವೆಲ್ಲ ಅದರ ಮುಂದೆ ಕೈಮುಗಿದು ಕೊನೆಗೆ ಅದರ ಬಾಯಿಗೆ ಹೆಣ ಹಾಕೋದಾ?"

"ನಮ್ಮಪ್ಪನ್ನ ಬೆಂಕಿಗೇ ಕೊಟ್ಟಿದ್ದು ಆಂಟಿ."

"ಗೊತ್ತು. ಅದೂ ಬೆಂಕಿ ಮೇಲಿನ ಗೌರವವೇ. ನಿಮಗೆ ಅದು ಸರಿ, ನಂಗಲ್ಲ."

ಒಂದೇ ಬೆಂಕಿ ಒಬ್ಬರ ಪಾಲಿಗೆ ಪಾವನ ಮಾಡುವಂಥದ್ದು, ಇನ್ನೊಬ್ಬರ ಪಾಲಿಗೆ ಮೈಲಿಗೆಯಾಗುವಂಥದ್ದು. ನನ್ನ ತಲೆ ಕೆಟ್ಟಿತು. "ಮಗನಿಗೆ ಹೇಳಿದೀರಾ?" ಎಂದು ಕೇಳಿದೆ. ಅವರು ಎದ್ದು ಹೋಗಿ ನಲ್ಲಿ ತಿರುಗಿಸಿ ಕಪ್ಪು ತೊಳೆದರು.

ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಗ ನಾರ್ತ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಬಂದ. ಮಾರನೆಯ ಬೆಳಿಗ್ಗೆ ನಾನು ಉಪ್ಪಿಟ್ಟು ತೆಗೆದುಕೊಂಡು ಹೋದಾಗ ಅವನು ಆಂಟಿಯ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಕನ್ನಡ ಬಾರದು. ಇಂಗ್ಲಿಷಿನಲ್ಲೇ ಹೇಳಿದ, ದಹನಕ್ಕೆ ಎಲ್ಲ ಗೊತ್ತುಮಾಡಿ ಆಗಿದೆ ಎಂದು. "ಅಮ್ಮನನ್ನೇ ಕೇಳಿದ್ದೆ. ನಿನಗೆ ಯಾವುದು ಸುಲಭವೋ ಅದನ್ನು ಮಾಡು, ದಹನವಾದರೂ ನನಗೇನೂ ಇಲ್ಲ ಅಂದರು. ಅದೊಂದು ಸಮಾಧಾನ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು, "ಬಿಟ್ಬಿಡು. ಹೇಳಿದ್ರೆ ಅವನಿಗೆ ನೋವು. ಹೇಳದಿದ್ರೆ ಯಾರಿಗೆ ನಷ್ಟ? ಅವರಮ್ಮ ಅವನಿಗೆ ಹೇಳಿದ್ದೇ ಕೊನೇ ಮಾತು ಅಂದ್ಕೋ" ಎಂದರು.

ತಪ್ಪಿಲ್ಲದ ಮಾತು. ನನಗೂ ಹಾಗೇ ಅನ್ನಿಸಿತು. ಪಾತ್ರೆ ತೊಳೆದೆ, ಮಗಳನ್ನು ಸ್ಕೂಲಿನಿಂದ ಕರೆತಂದೆ. ಹೇಳುವುದು ಸರಿಯೋ ಬಿಡುವುದು ಸರಿಯೋ ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಬಗೆಹರಿಯದೆಯೇ ಎದ್ದು ಹೋಗಿ ಅವರ ಬಾಗಿಲು ತಟ್ಟಿದೆ. ಅಡುಗೆಮನೆಯಲ್ಲಿ ಆಂಟಿ ಹೇಳಿದ ಮಾತನ್ನು ಇದ್ದ ಹಾಗೆ ಅವನಿಗೆ ಹೇಳಿದೆ.

ಅವನು ಹೋಗಿ ಆಂಟಿಯ ಕುರ್ಚಿಯಲ್ಲಿ ಕೂತ. ಆಮೇಲೆ ಕೇಳಿದ: "ಹಾಗಾದರೆ ಅಮ್ಮ ನನಗೆ ಸುಳ್ಳು ಹೇಳಿದರಾ?"

"ಗೊತ್ತಿಲ್ಲಪ್ಪ" ಎಂದೆ.

"ನೀವು ಇದನ್ನು ಹೇಳದೇ ಇರಬಹುದಿತ್ತು."

"ಹೌದು. ಇರಬಹುದಿತ್ತು."

ಕೋಟೂ ಹಾಕಿಕೊಳ್ಳದೆ ಬಾಲ್ಕನಿಗೆ ಹೋಗಿ ನಿಂತ. ಗಾಜಿನಾಚೆ ಅವನ ಉಸಿರು ಹೊಗೆಯಾಡುತ್ತಿತ್ತು. ಬಹಳ ಹೊತ್ತಿನ ಮೇಲೆ ಫೋನು ತೆಗೆದು ಒಬ್ಬೊಬ್ಬರಿಗೇ ಮಾಡತೊಡಗಿದ. ದಹನ ನಿಂತಿತು. ಅವರ ಪುರೋಹಿತರು ಒಂದು ಸ್ಮಶಾನದಲ್ಲಿ ಜಾಗ ಹುಡುಕಿಕೊಟ್ಟರು. ನೆಲ ಕಲ್ಲಾಗಿ ಹೆಪ್ಪುಗಟ್ಟಿದ್ದರಿಂದ ಅಗೆಯಲು ಒಂದು ದಿನ ತಡವಾಯಿತು. ಗುಂಡಿಯ ನಾಲ್ಕೂ ಕಡೆಗೆ ಕಾಂಕ್ರೀಟು ಇಳಿಸಿದರು.

ಪ್ರಾರ್ಥನೆಗೆ ಮೊದಲು ನಾಯಿಯೊಂದು ದೇಹವನ್ನು ನೋಡಬೇಕೆಂದು ಅವರ ಪದ್ಧತಿ. ಸಾವಿನ ಜೊತೆ ಬಂದ ಕೆಟ್ಟದ್ದು ನಾಯಿಯ ನೋಟಕ್ಕೆ ಓಡಿಹೋಗುತ್ತದಂತೆ. ಫ್ಯೂನರಲ್ ಹೋಮಿನಲ್ಲಿ ಅಲ್ಲಿಯವರೆಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಒರಗಿದ್ದ ಸೊಸೆ ಹೊರಗೆ ಹೋಗಿ, ತಮ್ಮ ಕಾರಿನಲ್ಲಿದ್ದ ಮುದಿ ಲ್ಯಾಬ್ರಡಾರನ್ನು ಕರೆತಂದಳು. ಅದು ಆಂಟಿಯ ಹತ್ತಿರ ಹೋಗಿ ನೋಡಿತು, ಮೂಸಿತು, ಅಲ್ಲೇ ಮಲಗಿಬಿಟ್ಟಿತು. ಎಬ್ಬಿಸಲು ಬಗ್ಗಿದ ಸೊಸೆ ಹಾಗೇ ನೆಲದ ಮೇಲೆ ಕೂತು ಅತ್ತಳು. ಪುರೋಹಿತರು ಯಾರನ್ನೂ ಅವಸರಪಡಿಸಲಿಲ್ಲ.

ಬೇಸಿಗೆಯಲ್ಲಿ ಮಗ ಫೋನ್ ಮಾಡಿದ್ದ. ಸಮಾಧಿಗೆ ಹೋಗಿ ಬಂದನಂತೆ. "ಆವತ್ತು ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಈಗ ಇಲ್ಲ" ಎಂದ. ಫೋನ್ ಇಡುವ ಮೊದಲು, "ಅಮ್ಮನ ಮೇಲೆ ಇನ್ನೂ ಇದೆ" ಎಂದ. ಆಂಟಿ ಮಗನಿಗೆ ತೊಂದರೆಯಾಗದಿರಲಿ ಎಂದು ಹಾಗೆ ಹೇಳಿದರೋ, ಅಥವಾ ಕೊನೆಗಾಲದಲ್ಲಿ ಅವರ ಮನಸ್ಸೇ ಬದಲಾಗಿತ್ತೋ. ಬದಲಾಗಿದ್ದರೆ ನಾನು ಹೇಳಿದ ನಿಜ ಹಳೆಯ ನಿಜ. ಕೇಳೋಣವೆಂದರೆ ಅವರಿಲ್ಲ.

ಈಗ ಅಮ್ಮ ಮೈಸೂರಿನಿಂದ ಫೋನ್ ಮಾಡಿ, "ಎಲ್ಲ ಚೆನ್ನಾಗಿದೀರಾ?" ಎಂದಾಗ ಮೊದಲಿನ ಹಾಗೆ ಥಟ್ಟನೆ ಹೂಂ ಎನ್ನಲು ಆಗುವುದಿಲ್ಲ. ಒಂದು ಗಳಿಗೆ ನಾಲಿಗೆ ತಡೆಯುತ್ತದೆ. "ಯಾಕೆ, ಲೈನ್ ಕಟ್ಟಾಯ್ತಾ?" ಎನ್ನುತ್ತಾರೆ ಅಮ್ಮ. ಇಲ್ಲಮ್ಮ, ಇದ್ದೀನಿ ಎನ್ನುತ್ತೇನೆ. ಆ ತಡವರಿಕೆ ಆಂಟಿ ನನಗೆ ಕೊಟ್ಟುಹೋದದ್ದು. ಅದು ವರವೋ ತೊಡಕೋ ನನಗಿನ್ನೂ ಗೊತ್ತಾಗಿಲ್ಲ.