ಕಬ್ಬಿಣದ ಟಾನಿಕ್ಕೂ ಚಿಕ್ಕಿಯ ಬಲಗೈಯೂ

ನಮ್ಮ ಮನೆತನದಲ್ಲಿ ಎಲ್ಲ ಕಾಯಿಲೆಗೂ ಕಾರಣ ಒಂದೇ: ಮೈಯಲ್ಲಿ ರಕ್ತ ಇಲ್ಲ. ತಲೆ ತಿರುಗಿದರೂ ರಕ್ತ ಇಲ್ಲ, ಕಾಲು ನೋವಾದರೂ ರಕ್ತ ಇಲ್ಲ, ಹುಡುಗಿಗೆ ಗಂಡು ಕೂಡಿಬರದಿದ್ದರೂ ರಕ್ತ ಇಲ್ಲ. ಮದ್ದೂ ಒಂದೇ, ಕಬ್ಬಿಣದ ಟಾನಿಕ್. ಈ ಶಾಸ್ತ್ರದ ಮಹಾಪಂಡಿತರು ನನ್ನ ದೊಡ್ಡಪ್ಪ. ಮುಂಬೈಯಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಇಡ್ಲಿಯ ಜೊತೆ ವೈದ್ಯಶಾಸ್ತ್ರವನ್ನೂ ಬೇಯಿಸಿ ಇಳಿಸಿದ್ದೇನೆಂದು ಅವರು ನಂಬಿದ್ದರು. ಊರೂ ನಂಬಿತ್ತು. ರೈಲಿಳಿದು ಬಂದವರ ಮಾತಿಗೆ ನಮ್ಮಲ್ಲಿ ತೂಕ ಜಾಸ್ತಿ. ಬ್ರಹ್ಮಾವರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಾನು ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವವನು, ನನ್ನ ಮಾತು ಯಾರಿಗೆ ಬೇಕು?

ಎರಡು ಸಾವಿರದ ಐದರ ಸುಮಾರಿಗೆ, ಮಳೆಗಾಲ ಮುಗಿಯುವ ಹೊತ್ತಿನಲ್ಲಿ, ಚಿಕ್ಕಿಗೆ ಮೀನಿನ ಮುಳ್ಳು ಚುಚ್ಚಿತು. ಚಿಕ್ಕಿ ಎಂದರೆ ನನ್ನ ಅಮ್ಮನ ತಂಗಿ. ಗಂಡ ಹೋದ ಮೇಲೆ ಬೈಂದೂರಿನಲ್ಲಿ ಮೀನು ಮಾರಿ, ಕೇಳಿದವರಿಗೆ ಕೊಯ್ದೂ ಕೊಟ್ಟು ಬದುಕು ಕಟ್ಟಿಕೊಂಡವಳು. ಮುಳ್ಳು ಹೊಕ್ಕಿದ್ದು ಬಲಗೈಯ ಕಿರುಬೆರಳಿನ ಬುಡಕ್ಕೆ. ಅರಿಶಿನ ಮೆತ್ತಿಕೊಂಡು ಮತ್ತೆ ಮೀನಿನ ನೀರಿಗೇ ಕೈ ಹಾಕಿದಳು. ಕೈ ಮುಂಗೈವರೆಗೆ ಊದಿ, ಜ್ವರ ನೆತ್ತಿಗೇರಿದ ಮೇಲೆ ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು.

ಡಾಕ್ಟರಮ್ಮ ಗಾಯ ಬಿಡಿಸಿ ಕೀವು ತೆಗೆದರು. ಒಂದೆರಡು ದಿನದಲ್ಲಿ ಮತ್ತೊಮ್ಮೆ ಒಳಗಿನಿಂದ ಶುಚಿ ಮಾಡಬೇಕು, ಆಗ ಕೈ ಉಳಿಯುತ್ತದೆ ಎಂದರು. ರಕ್ತವೂ ಕಡಿಮೆ ಇತ್ತು. ಆದರೆ ಜ್ವರ ಇಳಿಯುವ ತನಕ ಕಬ್ಬಿಣದ ಔಷಧಿ ಮಾತ್ರ ಕೊಡಬೇಡಿ ಎಂದು ಎಲ್ಲರೆದುರು ಹೇಳಿದರು.

ಅಷ್ಟರಲ್ಲಿ, ಊರಿಗೆ ಬಂದಿದ್ದ ದೊಡ್ಡಪ್ಪ ಎರಡು ಬಾಟಲಿ ಟಾನಿಕ್ಕಿನೊಂದಿಗೆ ಪ್ರತ್ಯಕ್ಷರಾದರು. ದೊಡ್ಡಮ್ಮ ಬಂದವರೇ ತಲೆದಿಂಬಿನ ಕೆಳಗೆ ಕಬ್ಬಿಣದ ಚೂರಿ ಇಟ್ಟರು. ಬಾಣಂತಿ ಕೋಣೆಯಲ್ಲಿ ಇಡುತ್ತಾರಲ್ಲ, ಹಾಗೆ. ಕಬ್ಬಿಣ ಇದ್ದಲ್ಲಿಗೆ ಯಾವ ಕಾಟವೂ ಹತ್ತಿರ ಸುಳಿಯುವುದಿಲ್ಲವಂತೆ! ಚಿಕ್ಕಿಯ ಕೈಗೆ ಹೊಕ್ಕ ಕಾಟ ಕಬ್ಬಿಣಕ್ಕಾಗಿಯೇ ಬಾಯಿ ಬಿಟ್ಟು ಕೂತಿತ್ತು.

ನಾನು ದೊಡ್ಡಪ್ಪನಿಗೆ ವಿವರಿಸಿದೆ. ಮೈಯಲ್ಲಿ ಕಬ್ಬಿಣ ಬಿಡಿಯಾಗಿ ಬಿದ್ದಿರುವುದಿಲ್ಲ, ದೇಹ ಅದನ್ನು ಗಟ್ಟಿಯಾಗಿ ಹಿಡಿದಿಟ್ಟಿರುತ್ತದೆ. ರೋಗ ಬಂದಾಗ ಇನ್ನಷ್ಟು ಒಳಗೆ ಬಚ್ಚಿಡುತ್ತದೆ, ಏಕೆಂದರೆ ಅದಿಲ್ಲದೆ ಬ್ಯಾಕ್ಟೀರಿಯಾ ಬೆಳೆಯಲಾರದು. ಆ ಕ್ರಿಮಿಗಳೇನು ಸಾಮಾನ್ಯವೇ? ಸಿಡೆರೋಫೋರ್ ಎಂಬ ಸಣ್ಣ ಅಣುಗಳನ್ನು ಹೊರಗೆ ಬಿಡುತ್ತವೆ. ಅವು ದೇಹದ ಹಿಡಿತದಿಂದ ಕಬ್ಬಿಣ ಕಸಿದು ತರುತ್ತವೆ, ಬ್ಯಾಕ್ಟೀರಿಯಾ ಅದನ್ನು ಒಳಗೆ ಎಳೆದುಕೊಂಡು ಮರಿ ಹಾಕುತ್ತದೆ. ಕೆಲವಂತೂ ಇನ್ನೂ ನಾಚಿಕೆಗೆಟ್ಟವು. ತಾವು ಏನನ್ನೂ ತಯಾರಿಸದೆ, ಇನ್ನೊಬ್ಬರ ಅಣು ಹಿಡಿದು ತಂದದ್ದನ್ನು ನುಂಗುತ್ತವೆ. ನಮ್ಮ ಕಡಲತೀರದಲ್ಲಿ ಹತ್ತಾರು ಜನ ಸೇರಿ ಹಗ್ಗ ಹಿಡಿದು ಎಳೆಯುವ ಕೈರಂಪಣಿ ಬಲೆ ದಡಕ್ಕೆ ಬಂದ ಮೇಲೆ ಓಡಿಬಂದು, ಹಗ್ಗಕ್ಕೆ ಕೈ ತಾಗಿಸಿ, ಎಳೆದವರ ಸಾಲಿನಲ್ಲಿ ನಿಂತು ಪಾಲು ಕೇಳುವವರಿದ್ದಾರಲ್ಲ, ಅದೇ ಜಾತಿ.

ದೊಡ್ಡಪ್ಪ ಎಲ್ಲ ಕೇಳಿ ಎಲೆಯಡಿಕೆ ಉಗಿದು ಬಂದರು.

"ಹ್ವಾಯ್ ಮಾಷ್ಟ್ರೇ, ನಿಮ್ ಪುಸ್ತಕ ಕಾಲೇಜಂಗೇ ಇರ್ಲಿ. ಹುಳಕ್ಕೆ ಕಬ್ಬಿಣ ತಿಂಬುಕೆ ಹಲ್ಲ್ ಇತ್ತಾ? ಅವ್ಳ್ ಮುಖ ಕಾಣಿ, ಬಿಳಿ ಹಾಳಿ ಕಂಡಾಂಗ್ ಇತ್ತ್."

ಹಲ್ಲಂತೆ! ಮುಂಬೈಯ ಇಡ್ಲಿಗೆ ನನ್ನ ದೊಡ್ಡ ನಮಸ್ಕಾರ.

ನಾನು ಪಾಠಕ್ಕೆಂದು ಬ್ರಹ್ಮಾವರಕ್ಕೆ ಹೋದಾಗೆಲ್ಲ ಇವರ ಸೇವೆ ಸಾಗಿತ್ತು. ನರ್ಸು ಅತ್ತ ಹೋದೊಡನೆ ಚಮಚದ ಹಂಗಿಲ್ಲದೆ ಬಾಟಲಿಯಿಂದಲೇ ಚಿಕ್ಕಿಯ ಬಾಯಿಗೆ. ಅವಳೋ ಜ್ವರದ ಮಂಪರಿನಲ್ಲಿ ಬಾಯಿ ತೆರೆದಳು. ದೊಡ್ಡಪ್ಪ ಅವಳಿಗೆ ಭಾವ; ಭಾವ ಹೇಳಿದ ಮೇಲೆ ಇಲ್ಲ ಎನ್ನುವ ಪದ್ಧತಿಯೂ ನಮ್ಮ ಹೆಂಗಸರಿಗೆ ಇಲ್ಲ.

ಕೈ ಶುಚಿ ಮಾಡಬೇಕಿದ್ದ ಬೆಳಿಗ್ಗೆ ಚಿಕ್ಕಿಗೆ ಮಲ ಕರಿ ಡಾಂಬರಿನಂತೆ ಹೋಯಿತು. ರಕ್ತ ಮೊದಲೇ ಕಡಿಮೆ. ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿದೆ ಎಂದು ಡಾಕ್ಟರಮ್ಮ ಹೆದರಿದರು. ಏನಾದರೂ ಔಷಧಿ ಕೊಟ್ಟಿರಾ ಎಂದು ಕೇಳಿದರು. ದೊಡ್ಡಪ್ಪ ತಲೆಯಾಡಿಸಿದರು: ಇಲ್ಲ. ದೊಡ್ಡಮ್ಮ ಕಿಟಕಿ ನೋಡಿದರು. ಆಪರೇಷನ್ ನಿಂತಿತು. ಹೊಟ್ಟೆಗೆ ಕೊಳವೆ ಇಳಿಸಿ ನೋಡಲು ಚಿಕ್ಕಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಸರದಿ ಬರುವಾಗ ಮರುದಿನ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕಬ್ಬಿಣ ಕುಡಿದವರ ಮಲ ಕಪ್ಪಾಗುತ್ತದೆ ಎಂಬುದು ಅಲ್ಲಿನ ಡಾಕ್ಟರಿಗೆ ಹೊಳೆದು ಗದರಿಸಿ ಕೇಳಿದಾಗ ದೊಡ್ಡಮ್ಮ ಅಳುತ್ತಾ ಚೀಲದಿಂದ ಬಾಟಲಿ ತೆಗೆದರು. ಒಂದು ಖಾಲಿ, ಇನ್ನೊಂದು ಅರ್ಧ.

ಅಷ್ಟರಲ್ಲಿ ಕಿರುಬೆರಳೂ ಉಂಗುರದ ಬೆರಳೂ ಕಪ್ಪಾಗಿದ್ದವು. ಎರಡನ್ನೂ ತೆಗೆದರು. ಆ ಟಾನಿಕ್ಕಿನಲ್ಲಿ ಬ್ಯಾಕ್ಟೀರಿಯಾಕ್ಕೆ ಎಷ್ಟು ಸಂದಿತೋ ನನಗೆ ಗೊತ್ತಿಲ್ಲ, ಅಳೆದವರೂ ಇಲ್ಲ. ಆಪರೇಷನ್ ನಿಂತ ಒಂದು ಹಗಲು, ಒಂದು ರಾತ್ರಿಯಂತೂ ಧಾರಾಳವಾಗಿ ಸಂದಿತು. ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಚಿಕ್ಕಿ ಬದುಕಿದಳು. ದೊಡ್ಡಪ್ಪ ಅದನ್ನು ತಮ್ಮ ಖಾತೆಗೆ ಬರೆದುಕೊಂಡರು. ಹೋದ ಮದುವೆ ಮುಂಜಿಯಲ್ಲೆಲ್ಲ, ಟಾನಿಕ್ ಇಲ್ಲದಿದ್ದರೆ ಅವಳು ಇರುತ್ತಿರಲಿಲ್ಲ ಎಂದೇ ಕತೆ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಹೇಳುವವನಿಗಿಂತ ಕೇಳುವವರಿಗೆ ಬುದ್ಧಿ ಬೇಕು, ಅದನ್ನು ಎಲ್ಲಿಂದ ತರೋಣ?

ಮರುವರ್ಷ ಮುಂಬೈ ರೈಲು ಹತ್ತುವ ಮೊದಲು ಅವರು ಬೈಂದೂರಿನ ಮಾರುಕಟ್ಟೆಗೆ ಬಂದರು. ನಾನೂ ಜೊತೆಗಿದ್ದೆ. ಚಿಕ್ಕಿ ಮೀನು ಮಾರುತ್ತಿದ್ದಳು, ಕೊಯ್ಯುವ ಕೆಲಸ ಪಕ್ಕದವಳ ಪಾಲಾಗಿತ್ತು. ದೊಡ್ಡಪ್ಪ ಒಳ್ಳೆಯ ಅಂಜಲ್ ಮೀನು ಆರಿಸಿ ಅವಳೆದುರು ಇಟ್ಟರು.

"ಇದನ್ನ್ ನೀನೇ ಕೊಯ್ದ್ ಕೊಡ್ ಮಾರಾಯ್ತಿ. ನಿನ್ ಕೈ ಹದ ಬೇರೆಯವ್ರಿಗ್ ಬತ್ತಿಲ್ಲೆ."

ಚಿಕ್ಕಿ ಕತ್ತಿಮಣೆ ಎಳೆದುಕೊಂಡು ಬಲಗೈಯಲ್ಲಿ ಮೀನು ಹಿಡಿದಳು. ಮೂರು ಬೆರಳಿನ ಹಿಡಿತಕ್ಕೆ ಮೀನು ನಿಲ್ಲಲಿಲ್ಲ. ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ದೊಡ್ಡಪ್ಪ ಗಡಿಯಾರ ನೋಡಿಕೊಂಡರು.

"ರೈಲಿಗ್ ಹೊತ್ತಾಯ್ತ್. ಬೇಗ ಮಾಡ್ ಕಾಂಬ."